ಮ್ವಾಂಜಾ ಊರಿನ ವಕಾಲತ್ತು

ಯಾರೂ ಕೇಳದ ಊರೊಂದರ ಪರವಾಗಿ ವಾದಿಸುವವರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ. ಕೊಲ್ಲಿ ದೇಶದ ಮುಶೈರಿಬ್ ಬಡಾವಣೆಯ ನಮ್ಮ ಹೂಡಿಕೆ ಕಂಪನಿಯಲ್ಲಿ ಅವರು ಉಡುಪಿ ಕಡೆಯ ಬೊನವೆಂಚರ್ ಮಥಾಯಸ್, ಅವರು ವಾದಿಸುವ ಊರು ಟಾಂಜಾನಿಯಾದ ಮ್ವಾಂಜಾ. ಹಿಂದೆ ಅಲ್ಲಿನ ಮೀನಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರಂತೆ. ಊಟದ ಡಬ್ಬಿ ತೆರೆದರೆ ಮೊದಲು ವಿಕ್ಟೋರಿಯಾ ಸರೋವರದ ಮೀನಿನ ಮಾತು, ಆಮೇಲೆ ತುತ್ತು. ಫುಟ್‌ಬಾಲ್ ವಿಶ್ವಕಪ್ಪಿಗಾಗಿ ಇಲ್ಲಿನ ಅಲ್ ಥುಮಾಮಾದಲ್ಲಿ ಕ್ರೀಡಾಂಗಣ ಏಳುತ್ತಿದ್ದಾಗ, "ಇಲ್ಲಿ ಬರೀ ಮರಳಿತ್ತು ಮಾರಾಯ್ರೆ, ಅಲ್ಲಿ ಸಮುದ್ರದಷ್ಟು ಸಿಹಿನೀರುಂಟು. ಯಾವುದು ರೆಡಿ, ನೀವೇ ಹೇಳಿ" ಎನ್ನುತ್ತಿದ್ದರು. "ಮ್ವಾಂಜಾದವರು ಕಮಿಷನ್ ಕೊಡ್ತಾರಾ ಸರ್?" ಎಂದು ಮೈಸೂರಿನ ಶರ್ವಾಣಿ ಕಾಲೆಳೆದರೆ ಎಲ್ಲರಿಗಿಂತ ಜೋರಾಗಿ ಅವರೇ ನಗುತ್ತಿದ್ದರು. ವರ್ಷಕ್ಕೊಮ್ಮೆ ನಿರ್ದೇಶಕರಿಗೆ ಮ್ವಾಂಜಾದಲ್ಲಿ ಹಣ ಹೂಡಬಹುದಾದ ರೈಲು, ಬಂದರು, ಗೋದಾಮುಗಳನ್ನು ಸ್ಲೈಡ್‌ಗಳಲ್ಲಿ ತೋರಿಸಿ, ಧನ್ಯವಾದ ಹೇಳಿದ ಮೇಲೂ ಒಂದು ಸ್ಲೈಡ್ ಹಾಕುತ್ತಿದ್ದರು: ಮಕ್ಕಳ ಆಸ್ಪತ್ರೆ, ಅದಕ್ಕೆ ಸ್ವಂತ ವಿದ್ಯುತ್. ಅಷ್ಟರಲ್ಲಿ ನಿರ್ದೇಶಕರು ಚಹಾಕ್ಕೆ ಎದ್ದಿರುತ್ತಿದ್ದರು. "ಇದರಲ್ಲಿ ಲಾಭ ಎಲ್ಲಿದೆ? ತೆಗೆದುಬಿಡಿ, ಖಲಾಸ್" ಎಂದು ಮ್ಯಾನೇಜರ್ ನಾರಾಯಣಸ್ವಾಮಿ ಹೇಳಿದರೆ "ಆಯ್ತು ಸರ್" ಎಂದು, ಮರುವರ್ಷ ಮತ್ತೆ ಅದನ್ನೇ ಸೇರಿಸುತ್ತಿದ್ದರು. ವಿಶ್ವಕಪ್ ಮುಗಿದ ಮೇಲೆ, ಮ್ವಾಂಜಾ ಹೂಡಿಕೆಗೆ ಇನ್ನೂ ಸಿದ್ಧವಿಲ್ಲವೆಂದು ಕಂಪನಿ ಆ ಫೈಲನ್ನೇ ಮುಚ್ಚಿತು. ಆ ಸಭೆ ಮುಗಿದು ಕೋಣೆ ಖಾಲಿಯಾದಾಗ ಪ್ರೊಜೆಕ್ಟರಿನ ವೈರ್ ಸುತ್ತುತ್ತಿದ್ದ ಅವರನ್ನು, ಆ ಕೊನೆಯ ಸ್ಲೈಡನ್ನು ಯಾಕೆ ಕೈಬಿಡಲಿಲ್ಲ ಎಂದು ಕೇಳಿದೆ. "ನಮ್ಮ ಮಗಳು ಅನಿಶಾ ತೀರಿಕೊಂಡದ್ದು ಅಲ್ಲಿನ ಆಸ್ಪತ್ರೆಯಲ್ಲೇ. ಉಸಿರಾಟದ ಮಷೀನ್ ಇತ್ತು, ಕರೆಂಟ್ ಇರಲಿಲ್ಲ" ಎಂದರು. ಸುತ್ತಿದ ವೈರನ್ನು ಬಿಚ್ಚಿ ಮತ್ತೆ ಸುತ್ತತೊಡಗಿದರು. "ಇವರು ಹೇಳಿದ್ದು ಸುಳ್ಳಲ್ಲ, ಊರು ರೆಡಿ ಇಲ್ಲ. ರೆಡಿ ಇಲ್ಲ ಅಂತಲೇ ಅಲ್ವಾ ನಾನು ದುಡ್ಡು ಹಾಕಿ ಅಂತ ಕೇಳಿದ್ದು?"