ಹೋದ ಬೇಸಿಗೆಯ ನೀರು

ಅದಾಲತ್ತಿಗೆ ಹೊರಟು ಎಡಗಾಲಿಗೆ ಬೂಟು ಹಾಕಿಕೊಳ್ಳುವಾಗ ಕೆಂಡ ತುಳಿದಂತಾಯಿತು. ನೋಡಿದರೆ ಹರಡಿನ, ಅಂದರೆ ಕಾಲಿನ ಗಿಣ್ಣಿನ, ಹತ್ತಿರ ತೊಗರಿಕಾಳಿನಷ್ಟು ಒಂದು ಗುಳ್ಳೆ. ಬೂಟು ಕಚ್ಚಿರಬೇಕು ಎಂದುಕೊಂಡೆ. ಅಂದು ಹೊಲದ ತಕರಾರಿನ ಮೊಕದ್ದಮೆಯಲ್ಲಿ ವಕೀಲನಾದ ನನ್ನ ಪಾಟೀಸವಾಲು ಇತ್ತು. ಎದುರು ಕಡೆಯ ಸಾಕ್ಷಿಯನ್ನು ಯಾವಾಗ ನೋಡಿದೆ, ಎಲ್ಲಿ ನಿಂತಿದ್ದೆ ಎಂದು ಕೇಳುತ್ತಿದ್ದವನು ಉರಿಗೆ ಮುಂದಿನ ಮಾತೇ ಮರೆತೆ. ಸಂಜೆ ಗುಳ್ಳೆ ಒಡೆಯಿತು. ಒಳಗಿಂದ ಬಿಳಿ ದಾರದ ತುದಿಯೊಂದು ಇಣುಕಿತು.

ನಾರು.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಇದು ಮೈಯೊಳಗೆ ಬೆಳೆದು ಕಾಲಿನಿಂದ ಹೊರಬರುವ ಹುಳ. ದಾರದಷ್ಟು ಸಣ್ಣ, ಮೊಳಕ್ಕಿಂತ ಉದ್ದ. ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಹೊರಗೆ ತೆಗೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದರೆ ಕಾಲು ಕೀವಾಗುತ್ತದೆ. ಹಾಗೆ ಕಾಲು ಕಳೆದುಕೊಂಡವರನ್ನು ನಾನು ನೋಡಿದ್ದೇನೆ, ಜೀವ ಕಳೆದುಕೊಂಡವರ ಮಣ್ಣಿಗೂ ಹೋಗಿದ್ದೇನೆ.

ಕಲಬುರಗಿಯ ನಮ್ಮ ಮನೆಗೆ ನೋಡಲು ಬಂದವರೆಲ್ಲ ಒಂದೊಂದು ಕಾರಣ ಹೇಳಿದರು. ಒಬ್ಬರು ನಾಗದೋಷ ಎಂದರು. ಮತ್ತೊಬ್ಬರು ನಿನ್ನೆ ಏನು ಉಂಡಿದ್ದಿರಿ ಎಂದು ಕೇಳಿ, ಬದನೆಕಾಯಿ ಎಂದ ಕೂಡಲೇ ಅದೇ ಎಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಕಚೇರಿಯಲ್ಲಾದರೆ ಇಂಥ ಸಾಕ್ಷಿಗಳಿಗೆ ನಿಂತ ನಿಲುವಿನಲ್ಲೇ ಬೆವರಿಳಿಸುತ್ತಿದ್ದೆ. ಹಾಸಿಗೆಯಲ್ಲಿ ಮಲಗಿದವನಿಗೆ ಯಾರು ಏನು ಹೇಳಿದರೂ ಸರಿ ಅನಿಸುತ್ತದೆ. ನೋವು ಮನುಷ್ಯನನ್ನು ಅಷ್ಟು ಮೆತ್ತಗೆ ಮಾಡುತ್ತದೆ.

ನನ್ನ ಹೆಂಡತಿ ನೀಲಮ್ಮ ತವರಿಗೆ ಹೋಗೋಣ ಎಂದಳು. ಅವಳ ತವರು ಕಮಲಾಪುರ.

"ಅಲ್ಲಿ ಮನಿಗೊಬ್ಬರಿಗೆ ಬಂದು ಹೋಗ್ಯಾದ್ರೀ. ತೆಗೆಯೋದು ಅವರಿಗೆ ಗೊತ್ತದ," ಎಂದಳು.

ಆ ಮಾತಿನಲ್ಲೇ ಒಂದು ಪ್ರಶ್ನೆ ಅಡಗಿತ್ತು. ಮನೆಗೊಬ್ಬರಿಗೆ ಅಲ್ಲೇ ಯಾಕೆ ಬರಬೇಕು? ನಾನು ಕೇಳಲಿಲ್ಲ. ಬಂಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ಮೂಟೆಯ ಹಾಗೆ ಮಲಗಿಸಿದರು. ಮಗಳು ಶಾಂತಿ ನನ್ನ ತಲೆಯ ಹತ್ತಿರ ಕೂತು ದಾರಿಯುದ್ದಕ್ಕೂ ನೊಣ ಹೊಡೆದಳು.

ಕಮಲಾಪುರದ ಅತ್ತೆಯವರ ಓಣಿಯಲ್ಲಿ ಮೆಟ್ಟಿಲ ಬಾವಿಯಿದೆ. ಊರು ಕುಡಿಯುವುದು ಅದರದೇ ನೀರು. ನಾರು ಎದ್ದವರನ್ನು ಕೊನೆಯ ಮೆಟ್ಟಿಲ ಮೇಲೆ ಕೂರಿಸಿ ಕಾಲನ್ನು ನೀರಿಗೆ ಬಿಡಿಸುವುದು ಅಲ್ಲಿಯ ವಾಡಿಕೆ. ನನ್ನನ್ನೂ ಕೂರಿಸಿದರು. ಕಾಲು ನೀರಿಗೆ ತಾಗಿದ್ದೇ ತಡ, ಉರಿ ಇಳಿಯಿತು. ನನಗೆ ಅಳು ಬಂತು. ಕೊಡ ತುಂಬಲು ಬಂದ ಹೆಂಗಸರು ಮರುಕದಿಂದ ಪಕ್ಕಕ್ಕೆ ಸರಿದು ನೀರು ತುಂಬಿಕೊಂಡರು. ಶಾಂತಿ ನನ್ನ ಬಗಲಲ್ಲೇ ಬಗ್ಗಿ ಬೊಗಸೆಯಲ್ಲಿ ಕುಡಿದಳು. ನನಗೂ ಒಂದು ಬೊಗಸೆ ಕುಡಿಸಿದಳು. ದಿನವೂ ಹೀಗೇ ನಡೆಯಿತು. ಆ ನೀರಿಗಿಂತ ದೊಡ್ಡ ಔಷಧ ಇಲ್ಲ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ನೀಲಮ್ಮ ಬೆಳಿಗ್ಗೆ ಉಸಿರು ಬಿಗಿಹಿಡಿದು ಕಡ್ಡಿ ತಿರುವುತ್ತಿದ್ದಳು. ಅರ್ಧಕ್ಕಿಂತ ಹೆಚ್ಚು ಬಂದಿತ್ತು. ಒಂದು ದಿನ ಮೆಟ್ಟಿಲು ಹತ್ತಿಸುವಾಗ ನನ್ನ ಕಾಲು ಜಾರಿತು. ಕಡ್ಡಿ ಕಲ್ಲಿಗೆ ಸಿಕ್ಕಿತು.

ನಾರು ಹರಿಯಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಂಜೆಯೊಳಗೆ ಮೀನಖಂಡ ಗಟ್ಟಿಯಾಗಿ ಊದಿತು. ಜ್ವರ ಏರಿತು. ಮತ್ತೆ ಅದೇ ಬಂಡಿ, ಅದೇ ಹುಲ್ಲು. ಕಲಬುರಗಿಯ ದವಾಖಾನೆಯಲ್ಲಿ ಕ್ಲೋರೋಫಾರ್ಮ್ ಕೊಟ್ಟು ಕಾಲು ಕೊಯ್ದರು. ಎಚ್ಚರವಾದಾಗ ಮೊದಲು ಕೈಯಾಡಿಸಿ ನೋಡಿದೆ. ಕಾಲು ಇತ್ತು.

ದಿನವೂ ಡ್ರೆಸ್ಸಿಂಗ್. ಕಂಪೌಂಡರ್ ವಾರ್ಡಿನ ಬಾಗಿಲಿಗೆ ಬಂದರೆ ನನ್ನ ಹಲ್ಲು ತಾವೇ ಕಚ್ಚಿಕೊಳ್ಳುತ್ತಿದ್ದವು. ಡಾಕ್ಟರ್ ಹೈದರಾಬಾದಿನವರು, ಉರ್ದುವಿನಲ್ಲಿ ಮಾತಾಡುವವರು. ಬದನೆಕಾಯಿ ತಿನ್ನಬಹುದೇ ಎಂದು ಕೇಳಿದೆ. ಅವರಿಗೆ ನಗು ಬಂತು. ಈ ಹುಳ ನೀರಿನಲ್ಲಿ ಮೈಸೇರುತ್ತದೆ, ಹೊರಬರಲು ಸುಮಾರು ಒಂದು ವರ್ಷ ಹಿಡಿಯುತ್ತದೆ ಎಂದರು. ಕಾಲು ನೀರಿಗೆ ಬಿಟ್ಟಾಗ ಕಣ್ಣಿಗೆ ಕಾಣದ ಮರಿಗಳನ್ನು ಅಲ್ಲೇ ಉಗುಳುತ್ತದಂತೆ. ಆ ಮರಿಗಳನ್ನು ನುಂಗಿದ ಸಣ್ಣ ನೀರುಕೀಟಗಳ ಸಮೇತ ಆ ನೀರನ್ನು ಕುಡಿದವರಿಗೆ ಮುಂದಿನ ವರ್ಷ ನಾರು.

"ವಕೀಲ್ ಸಾಹೇಬ್, ಹೋದ ಬೇಸಿಗೆಯಲ್ಲಿ ನೀವು ಎಲ್ಲಿದ್ದಿರಿ?"

ಯಾವಾಗ, ಎಲ್ಲಿ. ಹೊಟ್ಟೆಪಾಡಿಗಾಗಿ ನಾನು ಜಗತ್ತಿಗೆಲ್ಲ ಕೇಳುವ ಸವಾಲು. ಹೋದ ಬೇಸಿಗೆಯಲ್ಲಿ ನಾನೊಬ್ಬನೇ ಹೆಂಡತಿಯ ತಮ್ಮನ ಮದುವೆಗೆಂದು ಕಮಲಾಪುರಕ್ಕೆ ಹೋಗಿದ್ದೆ; ಜ್ವರದಿಂದೆದ್ದ ಆಯಾಸದಲ್ಲಿದ್ದ ನೀಲಮ್ಮ ಮಗಳೊಂದಿಗೆ ಇಲ್ಲೇ ಉಳಿದಿದ್ದಳು. ಇಲ್ಲಿ ನಮ್ಮದು ಹಗ್ಗ ಹಾಕಿ ಸೇದುವ ಬಾವಿ, ಅದರೊಳಗೆ ಯಾರೂ ಕಾಲಿಡುವುದಿಲ್ಲ. ಆದರೂ ಡಾಕ್ಟರು ಹೇಳಿದರೆಂದು ಒಪ್ಪಿಬಿಟ್ಟರೆ ಬದನೆಕಾಯಿಯನ್ನು ಒಪ್ಪಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ತಾಳೆ ನೋಡಬೇಕು ಅನಿಸಿತು. ಕಾಲು ಸತ್ತಿದ್ದರೂ ತಲೆ ಆಗ ಎದ್ದು ಕೂತಿತು.

ಅತ್ತೆಯವರು ಕೆಂಪು ಬಾಳೆಹಣ್ಣು ಕಟ್ಟಿಕೊಂಡು ನೋಡಲು ಬಂದರು. ಡಾಕ್ಟರ್ ಹೇಳಿದ್ದನ್ನೆಲ್ಲ ತಿಳಿಸಿ, ನಿಮ್ಮ ಮನೆಯಲ್ಲಿ ಯಾರಿಗೆ ನಾರು ಬಂದೇ ಇಲ್ಲ ಎಂದು ಕೇಳಿದೆ. ತಮ್ಮ ಅಕ್ಕನಿಗೆ ಎಂದರು. ನೀಲಮ್ಮ ದೊಡ್ಡವ್ವ ಎಂದು ಕರೆಯುವ ಆಕೆ ಅದೇ ಮನೆಯಲ್ಲಿದ್ದಾರೆ.

"ಆಕಿ ಲಿಂಗನಿಷ್ಠಿ ದೊಡ್ಡದ್ರಿ. ಶಿವಾ ಕಾಯ್ದಾನ," ಎಂದರು.

ಹಾಗಾದರೆ ದೊಡ್ಡವ್ವನ ಗಂಡ? ಅವರ ಪೂಜೆ ಇನ್ನೂ ದೀರ್ಘ. ಅವರಿಗೆ ಎರಡು ಸಲ ಬಂದಿದೆ ಎಂದು ಅತ್ತೆ ಒಪ್ಪಿದರು. ಇಬ್ಬರದೂ ಒಂದೇ ಮನೆ, ಒಂದೇ ಬಾವಿ, ಒಂದೇ ಪೂಜೆ. ಬೇರೆ ಏನು? ಕೇಳುತ್ತ ಹೋದಂತೆ ಹೊರಬಂತು. ದೊಡ್ಡವ್ವ ಪೂಜೆಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುತ್ತಾರೆ, ಕುಡಿಯುವುದೂ ಅದನ್ನೇ. ಗಂಡ ಹೊಲದಿಂದ ಬರುವಾಗ ಬಾವಿಗಿಳಿದು ಬೊಗಸೆಯಲ್ಲಿ ಕುಡಿಯುತ್ತಾರೆ.

"ಅತ್ತಿ, ಕಾಯ್ದದ್ದು ಭಕ್ತಿಯೋ, ಬಟ್ಟಿಯೋ?"

ಅವರು ಬಾಳೆಹಣ್ಣಿನ ಗಂಟು ಬಿಚ್ಚಿದರು. ಆಮೇಲೆ, "ನಮ್ಮ ಮಾವನೋರು ಸಾಯೋತನಕ ಇದೇ ನೀರ ಕುಡದಾರಲ್ರಿ," ಎಂದರು. ಆ ಹಿರಿಯರು ಸಾಯುವತನಕ ಕುಂಟಿದ್ದೂ ನನಗೆ ನೆನಪಿತ್ತು. ಹೇಳಲಿಲ್ಲ. ಮುದುಕಿಯ ಮುಖ ಆಗಲೇ ಬಾಡಿತ್ತು. ನನ್ನ ಉರಿ ಇಳಿಯಲೆಂದು ಕೈಹಿಡಿದು ಮೆಟ್ಟಿಲಿಗೆ ಇಳಿಸಿದ್ದು ಅವರೇ.

"ಕಾಲ ಅದ್ದಬ್ಯಾಡ ಅಂದ್ರ, ಉರಿಗೆ ನಾರು ಎದ್ದವರು ಏನ ಮಾಡಬೇಕ್ರಿ?" ಎಂದು ಅತ್ತೆ ಕೇಳಿದರು.

ನೀರನ್ನು ಬಕೆಟ್ಟಿನಲ್ಲಿ ಮೇಲೆ ತಂದು, ಬಾವಿಯಿಂದ ದೂರ ಕೂರಿಸಿ ಎಂದೆ. ಆ ನೀರನ್ನು ಮತ್ತೆ ಬಾವಿಯ ಕಡೆ ಚೆಲ್ಲಬಾರದು ಎಂದೆ. ಹಳೆಯ ಸೀರೆ ಹರಿದು ಎಲ್ಲ ಕೊಡಗಳಿಗೂ ಕಟ್ಟುತ್ತೇನೆ ಎಂದು ಅವರು ಒಪ್ಪಿದರು. ಓಣಿಯವರು ಕೇಳುತ್ತಾರೋ ಇಲ್ಲವೋ ಶಿವನೇ ಬಲ್ಲ. ಮೊಕದ್ದಮೆ ಗೆದ್ದ ವಕೀಲನ ಹಾಗೆ ನಾನು ದಿಂಬಿಗೆ ಒರಗಿದೆ.

ಕಾಲ ಬಳಿ ಕೂತಿದ್ದ ನೀಲಮ್ಮ ತಲೆಯೆತ್ತಿದಳು.

"ಶಾಂತಿ ಕುಡದಾಳಲ್ಲರೀ. ದಿನಾ ಕುಡದಾಳ."

ಕೂಡಲೇ ಡಾಕ್ಟರನ್ನು ಕರೆಸಿದೆ.

ಕುಡಿದಾದ ನೀರಿಗೆ ಔಷಧವಿಲ್ಲ ಎಂದರು ಡಾಕ್ಟರ್. ಎಲ್ಲರಿಗೂ ಬರುವುದಿಲ್ಲ, ಕಾದು ನೋಡಬೇಕು, ಅಷ್ಟೇ. ತಿಳಿಯದೆ ನರಳುವುದಕ್ಕಿಂತ ತಿಳಿದು ಕಾಯುವುದು ಮೇಲು ಎಂದು ನಾಲ್ಕು ಜನರೆದುರು ನಾನು ವಾದಿಸಬಲ್ಲೆ. ಆದರೆ ಒಂದೊಂದು ಸಲ, ಬದನೆಕಾಯಿಯನ್ನೇ ನಂಬಿಕೊಂಡಿದ್ದರೆ ಬರುವ ಬೇಸಿಗೆಯವರೆಗೆ ನಿದ್ದೆಯಾದರೂ ಬರುತ್ತಿತ್ತಲ್ಲ ಅನಿಸುತ್ತದೆ.

ಈಗ ಮನೆಗೆ ಬಂದಿದ್ದೇನೆ. ಹರಡು ಮಡಚುವುದಿಲ್ಲ, ಕೋಲು ಹಿಡಿದು ಅದಾಲತ್ತಿಗೆ ಹೋಗುತ್ತೇನೆ. ಕಾಲು ಉಳಿಯಿತು, ಶಿವ ದೊಡ್ಡವನು, ಡಾಕ್ಟರೂ ದೊಡ್ಡವರು. ನಮ್ಮ ಕೊಡದ ಬಾಯಿಗೂ ಬಟ್ಟೆ ಬಂದಿದೆ.

ಸಂಜೆ ಶಾಂತಿ ಆಡಿ ಬಂದಾಗ ಅವಳ ಕಾಲು ನಾನೇ ತೊಳೆಯುತ್ತೇನೆ. ಹರಡು, ಹಿಮ್ಮಡಿ, ಬೆರಳ ಸಂದಿಗಳನ್ನೆಲ್ಲ ಸವರಿ ನೋಡುತ್ತೇನೆ. ಅಪ್ಪನಿಗೆ ಏನೋ ಹೊಸ ಹುಚ್ಚು ಎಂದು ಅವಳು ಕಿಲಕಿಲ ನಗುತ್ತಾಳೆ.

"ಅಪ್ಪಾ, ಬಿಡು. ಕಚಗುಳಿ ಆಗ್ತದ."

ಆಗಲಿ ಮಗಳೇ. ಉರಿತದ ಅನ್ನದಿದ್ದರೆ ಸಾಕು.