ಇಬ್ಬರು ಮಡಚುವ ಸೀರೆ

ಗಂಜಿ ಹಾಕಿ ಒಣಗಿಸಿದ ನೂಲಿನ ಸೀರೆಗೆ ಒಂದು ವಾಸನೆ ಇರುತ್ತದೆ. ಬಿಸಿಲು, ಅನ್ನದ ತಿಳಿ, ಸ್ವಲ್ಪ ಕರಿಮಣ್ಣಿನ ಧೂಳು, ಎಲ್ಲ ಕೂಡಿದ ವಾಸನೆ. ಮೊನ್ನೆ ರೋಣದ ನಮ್ಮ ಮನೆಯಲ್ಲಿ ಟ್ರಂಕು ತೆರೆದಾಗ ಅವ್ವನ ಗಜೇಂದ್ರಗಡದ ಸೀರೆಯಿಂದ ಅದು ಭಪ್ಪನೆ ಎದ್ದು ಮುಖಕ್ಕೆ ಬಡಿಯಿತು. ಅವ್ವ ಹೋಗಿ ಎರಡು ವರ್ಷವಾಯಿತು. ನಿಮ್ಮ ಮನೆಯಲ್ಲೂ ಇಂಥದೊಂದು ಟ್ರಂಕು ಇದ್ದೀತು, ಅದನ್ನು ತೆರೆಯುವುದು ಸುಲಭ, ಮುಚ್ಚುವುದು ಕಷ್ಟ ಎಂಬುದು ನಿಮಗೂ ಗೊತ್ತಿದ್ದೀತು. ಬೇರೆಯವರಿಗಾದರೆ ಆ ವಾಸನೆಗೆ ಕಣ್ಣೀರು ಬರುತ್ತಿತ್ತೇನೋ. ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಅದು ಈಗಿನದಲ್ಲ, ಐವತ್ತೈದು ವರ್ಷ ಹಳೆಯದು.

ಆಗ ನರಗುಂದದಲ್ಲಿ ಗುಡ್ಡದ ಬುಡಕ್ಕೇ ನಮ್ಮ ಮನೆ ಇತ್ತು. ಮಣ್ಣಿನ ಮಾಳಿಗೆ, ಅದಕ್ಕೊಂದು ಬೆಳಕಿಂಡಿ, ಹತ್ತಲು ಕಡಿದಾದ ಮೆಟ್ಟಿಲು. ಸೋಮವಾರ ಒಗೆದ ಸೀರೆಗಳನ್ನು ಅವ್ವ ಮಾಳಿಗೆಯ ಮೇಲೆ ಹರವಿ ನಾಲ್ಕು ಮೂಲೆಗೆ ಕಲ್ಲು ಇಡುತ್ತಿದ್ದಳು. ಒಂಬತ್ತು ಗಜದ ಸೀರೆ ಒಬ್ಬರ ಕೈಗೆ ಬಗ್ಗುವುದಲ್ಲ, ಇಬ್ಬರು ಬೇಕು. ಒಂದು ತುದಿ ಅವ್ವನ ಕೈಯಲ್ಲಿ, ಇನ್ನೊಂದು ನನ್ನ ಅಕ್ಕ ಗಿರಿಜಾಳ ಕೈಯಲ್ಲಿ. ಕೈ ಮೇಲೆತ್ತಿ ಝಾಡಿಸುವುದು, ಎಳೆದು ಸುಕ್ಕು ಬಿಡಿಸುವುದು, ಆಮೇಲೆ ಇಬ್ಬರೂ ಎದುರೆದುರು ನಡೆದು ಬಂದು ತುದಿಗೆ ತುದಿ ಕೂಡಿಸುವುದು. ಕೂಡಿಸುವಾಗ ಅವರ ಕೈಗಳು ತಾಗುತ್ತಿದ್ದವು. ಇಬ್ಬರೂ ಏನೋ ಪಿಸುಗುಟ್ಟಿ ನಗುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಉಗುರು ಕಚ್ಚುತ್ತಿದ್ದೆ. ಕೇಳಿದರೆ ಅವ್ವನದು ಒಂದೇ ಉತ್ತರ: "ನೀ ಸಣ್ಣಾಕಿ. ನಿನ್ನ ಕೈಯಾಗ ಕೊಟ್ರ ಸೀರಿ ನೆಲಕ್ಕ ಹತ್ತತೈತಿ." ರೊಟ್ಟಿಯ ಮೇಲೆ ನನಗೆ ಒಂದು ಚಮಚ ತುಪ್ಪ ಹೆಚ್ಚೇ ಬೀಳುತ್ತಿತ್ತು. ಜಾತ್ರೆಗೆ ಹೊಸ ಲಂಗ ಬೇಕೆಂದರೂ ಇಲ್ಲವೆನ್ನುತ್ತಿರಲಿಲ್ಲ. ಆದರೆ ನನಗೆ ಬೇಕಾಗಿದ್ದದ್ದು ಆ ಸೀರೆಯ ತುದಿ.

ಗಿರಿಜಾ ಹತ್ತೊಂಬತ್ತಕ್ಕೆ ಜ್ವರದಲ್ಲಿ ತೀರಿಹೋದಳು. ನಾನು ಅಷ್ಟೊತ್ತಿಗೆ ಅವಳ ಭುಜದ ಎತ್ತರ ಬೆಳೆದಿದ್ದೆ. ಇನ್ನು ನನ್ನನ್ನು ಕರೆಯುತ್ತಾಳೆಂದು ಎಷ್ಟೋ ಸೋಮವಾರ ಕಾದೆ. ಅವ್ವ ಕರೆಯಲಿಲ್ಲ. ಸೀರೆಯ ಒಂದು ತುದಿಯನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಕೈ ಚಾಚಿ ಚಾಚಿ, ಒಬ್ಬಳೇ ಮಡಚಿಕೊಂಡಳು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ಕರ್ಮ ನೋಡಿ. ಬದುಕಿದ್ದವಳಾದರೆ ಒಮ್ಮೆ ಜಗಳವಾಡಿ ಹಗುರಾಗಬಹುದಿತ್ತು. ಆಮೇಲೆ ನಾನು ಓದಿದೆ, ಸಾಲೆಯ ಅಕ್ಕೋರಾದೆ, ರೋಣದಲ್ಲಿ ಸಂಸಾರ ಹೂಡಿದೆ. ಅಪ್ಪ ಹೋದ ಮೇಲೆ ನರಗುಂದದ ಮನೆ ಮಾರಿ ಅವ್ವನನ್ನು ನನ್ನ ಹತ್ತಿರ ಕರೆತಂದೆ.

ಎಂಬತ್ತು ದಾಟಿದ ಮೇಲೆ ಅವ್ವನ ಮರೆವು ಶುರುವಾಯಿತು. ಮೊದಲು ಒಲೆಯ ಮೇಲಿನ ಹಾಲು ಮರೆತಳು, ಆಮೇಲೆ ಬಚ್ಚಲಿನ ದಾರಿ, ಕೊನೆಗೆ ನನ್ನನ್ನು. ನನ್ನನ್ನು ಯಾರದೋ ಮನೆಯ ಯಜಮಾನಿ ಎಂದುಕೊಂಡು "ಬರ್ರಿ, ಕುಂದರ್ರಿ, ಚಾ ತಗೊಳ್ರಿ" ಎನ್ನುತ್ತಿದ್ದಳು. ನಾನು ಸುಮ್ಮನಿರುವವಳಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ಬಾಯಿ. ದಿನಾ ಬೆಳಿಗ್ಗೆ ಎದುರು ಕೂತು "ನಾ ಯಾರು ಹೇಳು ನೋಡೂಣು" ಎಂದು ಪರೀಕ್ಷೆ ಹಿಡಿಯುತ್ತಿದ್ದೆ. ಅವ್ವ ತಲೆ ತಗ್ಗಿಸಿ ಸೆರಗಿನ ಎಳೆ ಕೀಳುತ್ತಿದ್ದಳು. ದವಾಖಾನೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದ್ದರು: ಮರೆವು ವಾಸಿಯಾಗುವುದಲ್ಲ, ಕಾಲಾದರೂ ಉಳಿಸಿಕೊಳ್ಳಿ, ದಿನಾ ಎದ್ದು ಕೂರುವುದು, ಕೈ ಮೇಲೆತ್ತುವುದು, ನಾಲ್ಕು ಹೆಜ್ಜೆ ನಡೆಯುವುದು ತಪ್ಪಬಾರದು, ಒಮ್ಮೆ ಹಾಸಿಗೆ ಹಿಡಿದರೆ ಮತ್ತೆ ಏಳಿಸುವುದು ಆಗದ ಮಾತು. ನಾನು ಅದನ್ನೂ ಡ್ರಿಲ್ ಮಾಡಿಬಿಟ್ಟೆ. "ಕೈ ಎತ್ತು, ಒಂದು, ಎರಡು" ಎಂದರೆ ಅವ್ವ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಳ್ಳುತ್ತಿದ್ದಳು.

ಆಗ ಬಂದವಳು ಮಲ್ಲವ್ವ. ಹತ್ತಿರದ ಅಸೂಟಿ ಹಳ್ಳಿಯವಳು, ಹೊಲದ ಕೂಲಿ ಬಿಟ್ಟು ಅವ್ವನನ್ನು ನೋಡಿಕೊಳ್ಳಲು ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಸಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಅವಳ ಕೈಗೆ ಅವ್ವ ಒಗ್ಗಿಬಿಟ್ಟಳು. ಸ್ನಾನಕ್ಕೆ ಮೊದಲು ಪಾದದ ಮೇಲೆ ಒಂದು ತಂಬಿಗೆ ಬೆಚ್ಚನೆ ನೀರು, ಆಮೇಲೆ ಮೊಣಕಾಲು, ಹೀಗೆ ಮೆಲ್ಲಗೆ ಮೇಲೇರುತ್ತಿದ್ದಳು. ಒಂದು ಸಲಕ್ಕೆ ಒಂದೇ ಮಾತು. ಕುಪ್ಪಸ ಕೈಗೆ ಕೊಟ್ಟರೆ, ಅದು ತೊಟ್ಟಾಗುವ ತನಕ ಸೀರೆಯ ಸುದ್ದಿಯಿಲ್ಲ. ನಾ ಯಾರು ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ದಿನ ಒಣಗಿದ ಸೀರೆ ತಂದವಳು, ಜೊತೆಗೆ ಯಾರೂ ಇಲ್ಲದ್ದಕ್ಕೆ "ಏಳ ಯವ್ವಾ, ಸೀರಿ ಮಡಚೂಣು" ಎಂದಳಂತೆ. ಅವ್ವ ಕುರ್ಚಿಯಿಂದ ತಾನಾಗಿ ಎದ್ದಳು. ನಾನು ಸಂತೆಯಿಂದ ಬಂದು ನೋಡುತ್ತೇನೆ, ಪಡಸಾಲೆಯಲ್ಲಿ ಅವ್ವ ಕೈ ಮೇಲೆತ್ತಿ ಝಾಡಿಸುತ್ತಿದ್ದಾಳೆ, ಹೆಜ್ಜೆ ಹಾಕಿ ಬರುತ್ತಿದ್ದಾಳೆ, ನಗುತ್ತಿದ್ದಾಳೆ. "ಚಂದಾಗಿ ಎಳಿ ಗಿರಿಜಾ" ಎನ್ನುತ್ತಿದ್ದಾಳೆ.

ದಿನಾ ಎರಡು ಹೊತ್ತು ಅದೇ ಕಸರತ್ತಾಯಿತು. ಅವ್ವನ ಕಾಲಿಗೆ ಬಲ ಬಂತು, ಊಟ ಸೇರಿತು, ನಿದ್ದೆ ಬಂತು. ನಾನು ಸಂತೋಷಪಡಬೇಕಿತ್ತು. ಆದರೆ ಒಳಗೊಳಗೇ ಉರಿದುಹೋದೆ. ಮಲ್ಲವ್ವನ ಬಾಯಲ್ಲಿ "ಯವ್ವಾ" ಎಂಬುದು ಕೇಳಿದರೆ ಮೈಯೆಲ್ಲ ಚುರುಗುಟ್ಟುತ್ತಿತ್ತು. ಮೆಟ್ಟಿಲು ಇಲ್ಲದ ಮನೆಯಲ್ಲೂ ನಾನು ಮತ್ತೆ ಮೆಟ್ಟಿಲ ಮೇಲೆ ಕೂತ ಹುಡುಗಿಯಾಗಿದ್ದೆ. ಪಾತ್ರೆ ಸರಿಯಾಗಿ ತೊಳೆದಿಲ್ಲ, ಬರುವುದು ತಡವಾಯಿತು ಎಂದು ಸಣ್ಣಪುಟ್ಟದಕ್ಕೆಲ್ಲ ಅವಳ ಮೇಲೆ ಹರಿಹಾಯ್ದೆ. ಕೊನೆಗೊಂದು ದಿನ, "ಎಂಟು ದಿನ ರಜಾ ತಗೋ ಮಲ್ಲವ್ವಾ, ನಮ್ಮವ್ವನ್ನ ನಾ ನೋಡ್ಕೋತೀನಿ" ಎಂದೆ. ಅವಳು ನನ್ನ ಮುಖ ನೋಡಿ "ಆತ್ರಿ ಅಕ್ಕೋರ" ಎಂದಷ್ಟೇ ಹೇಳಿ ಹೋದಳು.

ಮರುದಿನ ಬೆಳಿಗ್ಗೆಯೇ ನಾನು ಗಜೇಂದ್ರಗಡದ ಸೀರೆ ತೆಗೆದೆ. ಸೆರಗಿನ ಕಡೆ ನಾನು ಹಿಡಿದು, ಇನ್ನೊಂದು ತುದಿಯನ್ನು ಅವ್ವನ ತೊಡೆಯ ಮೇಲಿಟ್ಟು "ಏಳವ್ವಾ" ಎಂದೆ. ಅವ್ವ ಅದನ್ನು ಮುಟ್ಟಲಿಲ್ಲ. ನಾನು ಒತ್ತಾಯ ಮಾಡಿದಷ್ಟೂ ಮುಖ ಗೋಡೆಗೆ ತಿರುಗಿಸಿದಳು. ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ಪಾದ ಬಾತುಕೊಂಡವು. ಆರನೆಯ ದಿನ ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ಮೊಣಕಾಲು ನಿಲ್ಲಲೇ ಇಲ್ಲ, ಕುಸಿದು ಕೂತುಬಿಟ್ಟಳು. ನನ್ನ ಹಟಕ್ಕೆ ಅವ್ವನ ಕಾಲು ಹೋದವಲ್ಲ ಎಂದು ಅತ್ತು, ನಾಚಿಕೆ ಬಿಟ್ಟು ಅಸೂಟಿಗೆ ಫೋನ್ ಹಚ್ಚಿದೆ.

ಮಲ್ಲವ್ವ ಬೈಯಲಿಲ್ಲ. ಎಲ್ಲ ಕೇಳಿಸಿಕೊಂಡು, "ಅಕ್ಕೋರ, ಸೆರಗು ಯಾರ ಕೈಯಾಗ ಇತ್ತರಿ?" ಎಂದಳು. ನನ್ನ ಕೈಯಲ್ಲಿ ಎಂದೆ. "ಹಂಗಂದ್ರ ಹ್ಯಾಂಗ ಏಳತಾರ್ರೀ? ಸೆರಗು ಹಿಡಿಯೂದು ದೊಡ್ಡಾಕಿ. ಸಣ್ಣಾಕಿ ಇನ್ನೊಂದು ತುದಿ ಹಿಡಕೊಂಡು ಬಂದು, ಆಕಿ ಕೈಗೆ ಕೊಟ್ಟು, ಬಗ್ಗಿ ಮಡಿಕಿ ಎತ್ತಬೇಕು. ಮೊದಲ ದಿನಾನ ನನ್ನ ಕೈಯಾಗಿನ ಸೆರಗು ಕಸಗೊಂಡು ಕಲಿಸ್ಯಾರ. ನಿಮಗ ಗೊತ್ತಿಲ್ಲೇನ್ರಿ?" ನಮ್ಮ ಮನೆಯ ರೀತಿ ನನಗೇ ಗೊತ್ತಿರಲಿಲ್ಲ. ಗೊತ್ತಾಗಲು ಒಮ್ಮೆಯಾದರೂ ಆ ತುದಿ ಹಿಡಿದಿರಬೇಕಿತ್ತು.

ಫೋನ್ ಇಟ್ಟು, ಸೆರಗನ್ನು ಅವ್ವನ ಎರಡೂ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಹಿಂದೆ ಸರಿದು ನಿಂತೆ. ಮಾತಾಡಲಿಲ್ಲ, ಎಣಿಸಲಿಲ್ಲ. ಅವ್ವ ಬಹಳ ಹೊತ್ತು ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ಕುರ್ಚಿಯ ಕೈ ಹಿಡಿದು ಒಮ್ಮೆ ಪ್ರಯತ್ನಿಸಿದಳು, ಕೂತಳು, ಮತ್ತೆ ಪ್ರಯತ್ನಿಸಿದಳು. ನಾನು ಓಡಿಹೋಗಿ ಹಿಡಿಯದಂತೆ ನನ್ನನ್ನೇ ತಡೆದುಕೊಂಡೆ. ಮೂರನೆಯ ಸಲ ಎದ್ದು ನಿಂತಳು. ಕಾಲು ನಡುಗುತ್ತಿದ್ದವು, ಆದರೂ ಕೈ ಎತ್ತಿ ಝಾಡಿಸಿದಳು. ಒಂದು ಹೆಜ್ಜೆ, ಎರಡು ಹೆಜ್ಜೆ. ನಾನೂ ಎದುರು ನಡೆದೆ. ತುದಿಗೆ ತುದಿ ಕೂಡಿದಾಗ ಅವಳ ಬೆರಳು ನನ್ನ ಬೆರಳಿಗೆ ತಾಗಿದವು.

"ಗಿರಿಜಾ" ಎಂದಳು.

ನಾ ಗಿರಿಜಾ ಅಲ್ಲ, ಸುಮಿತ್ರಾ ಎನ್ನಲು, ಮೂವತ್ತು ವರ್ಷ ಮಕ್ಕಳನ್ನು ತಿದ್ದಿದ ನಾಲಿಗೆ ಆ ದಿನ ಮೇಲೇಳಲಿಲ್ಲ. "ಹೂಂ ಯವ್ವಾ" ಎಂದೆ.

ಅವ್ವ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಸುಮಿ ಇನ್ನೂ ಸಾಲಿಯಿಂದ ಬಂದಿಲ್ಲಲ್ಲ?"

"ಇಲ್ಲವ್ವಾ."

"ಲಗೂ ಮಡಚು ಹಂಗಾದ್ರ. ನಾವಿಬ್ಬರೂ ಮಡಚೂದು ನೋಡಿದ್ರ ಆ ಕೂಸು ಭಾಳ ಸಂಕಟ ಪಡತೈತಿ. ಬಾಯಿಬಿಟ್ಟು ಹೇಳಂಗಿಲ್ಲ, ಅದರ ಮಾರಿ ನೋಡಾಕ ನನ್ನ ಕೈಲೆ ಆಗೂದಿಲ್ಲ. ಆಕಿ ಬರೂದ್ರಾಗ ಮುಗಸೂಣು."

ನಾನು ಬಗ್ಗಿ ಮಡಿಕೆ ಎತ್ತಿಕೊಂಡು, ಸುಮಿ ಬರುವುದರೊಳಗೆ ಮುಗಿಯಲೆಂದು, ಲಗೂ ಲಗೂ ಮಡಚಿದೆ.