ಸ್ನಾನ ಮಾಡಿದ ಸಾಣೆ ಚಕ್ರ

ನನ್ನ ಬಾವ ಇಂಜಿನ್ನಿಗೆ ಬೈಯಲೆಂದು ಪಕ್ಕಕ್ಕೆ ಸರಿದರು. ಸರಿದದ್ದರಿಂದ ಬದುಕಿದರು.

ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಬಾರದು. ಕೈಲ್ ಮುಹೂರ್ತದ, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ, ಮರುದಿನ ಬೆಳಿಗ್ಗೆ, ಕಕ್ಕಬೆಯಲ್ಲಿ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ, ರಭಸದಿಂದ ತಿರುಗುತ್ತಿದ್ದ ಸಾಣೆ ಚಕ್ರ ಒಡೆದು ಚೂರಾಯಿತು. ಒಂದು ಚೂರು ತಗಡಿನ ಮಾಡನ್ನು ತೂತು ಮಾಡಿಕೊಂಡು ಹೋಯಿತು. ಇನ್ನೊಂದು ನಾನು ಒರಗಿ ನಿಂತಿದ್ದ ಬಾಗಿಲ ಚೌಕಟ್ಟಿನಲ್ಲಿ ನೆಟ್ಟುಕೊಂಡಿತು. ಬಾವ ಅರೆಗಳಿಗೆ ಮುಂಚೆ ನಿಂತಿದ್ದ ಜಾಗದ ಹಿಂದೆ ಮಣ್ಣಿನ ಗೋಡೆ ಇದೆ. ಅಲ್ಲಿ, ಸರಿಯಾಗಿ ಅವರ ಮುಖದ ಮಟ್ಟದಲ್ಲಿ, ತೆಂಗಿನ ಗೆರಟೆಯಷ್ಟು ಆಳದ ಗುಳಿ.

ನನ್ನ ಕೈಯಲ್ಲಿ ಕಾಫಿ ಲೋಟ ಇತ್ತು. ಆಮೇಲೆ ನೋಡಿದರೆ ಲೋಟ ಇತ್ತು, ಕಾಫಿ ಇರಲಿಲ್ಲ. (ಎಲ್ಲಿ ಚೆಲ್ಲಿದೆನೋ ಈಗಲೂ ತಿಳಿಯದು.)

ಈ ವಾರದ ಅಂಕಣದಲ್ಲಿ ನಮ್ಮ ದಾರಿಯ ಬಸ್ಸಿನ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಬಸ್ಸು ಕಾಯಲಿ. ನಾವು ಅದಕ್ಕೆ ಕಾಯುವುದಿಲ್ಲವೇ?

ಬಾವನ ಪರಿಚಯ ಮೊದಲು ಆಗಬೇಕು. ನನ್ನ ಅಕ್ಕನ ಗಂಡ. ಮಿಲಿಟರಿ ವರ್ಕ್‌ಷಾಪಿನಲ್ಲಿ ಲಾರಿ ರಿಪೇರಿ ಮಾಡಿ, ಪೆನ್ಷನ್ ಪಡೆದು, ಈಗ ಕಾಫಿ ತೋಟ ನೋಡಿಕೊಳ್ಳುತ್ತಿದ್ದಾರೆ. ಕಬ್ಬಿಣದ ಕೆಲಸವೆಂದರೆ ಊಟ ಬೇಡ. ಒಬ್ಬರೇ ಮಾಡಬೇಕು. ಇನ್ನೊಬ್ಬರು ಸ್ಪ್ಯಾನರ್ ಎತ್ತಿಕೊಟ್ಟರೂ ಅವರಿಗೆ ಕಿರಿಕಿರಿ.

ಈ ವರ್ಷ ಅವರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸಲು ಹೊಸ ಪಲ್ಪಿಂಗ್ ಶೆಡ್ಡು ಕಟ್ಟುತ್ತಿದ್ದಾರೆ. ಮರದ ತೊಲೆಗಳನ್ನು ಬಿಗಿಯಲು ಕಬ್ಬಿಣದ ಪಟ್ಟಿಗಳು ಬೇಕು. ಪಟ್ಟಿಗೆ ಬೋಲ್ಟು ಹಾಕಲು ತೂತು ಬೇಕು. ತೂತು ಕೊರೆಯಲು ಕೈ ಡ್ರಿಲ್ ಇದೆ, ಆದರೆ ಅದರ ತುದಿಗೆ ಹಾಕುವ ಕೊರೆಯುವ ಕಡ್ಡಿ, ಅಂದರೆ ಬಿಟ್‌ಗಳೆಲ್ಲ ಮೊಂಡು. ಮೊಂಡು ಬಿಟ್ ಕಬ್ಬಿಣವನ್ನು ಕೊರೆಯುವುದಿಲ್ಲ, ಉಜ್ಜುತ್ತದೆ. ಕಿರುಚುತ್ತದೆ. ಬಿಸಿಯಾಗಿ ಇನ್ನಷ್ಟು ಮೊಂಡಾಗುತ್ತದೆ. (ಕೆಲವು ಮನುಷ್ಯರ ಹಾಗೆ. ಹೆಸರು ಬೇಡ.)

ಅವರ ಊರಿಗೆ ಕರೆಂಟು ಬಂದಿಲ್ಲ. ಕಂಬ ಬಂದಿದೆ. ಹಾಗಾಗಿ ಬಾವ ಪಲ್ಪರ್ ಓಡಿಸುವ ಸೀಮೆಎಣ್ಣೆ ಇಂಜಿನ್ನಿನಿಂದ ಒಂದು ಬೆಲ್ಟ್ ಎಳೆದು, ಅದರ ಕೊನೆಗೆ ಸಾಣೆ ಚಕ್ರ ಕೂರಿಸಿದ್ದರು. ಮೇಲೆ ಮುಚ್ಚಳ ಇಲ್ಲ. ಕಣ್ಣಿಗೆ ಕನ್ನಡಕ ಇಲ್ಲ. ಹೋದ ವರ್ಷವೆಲ್ಲ ಅದು ಸುಮ್ಮನೆ ತಿರುಗಿತ್ತು.

ಆ ದಿನ ಮಾತ್ರ ಇಂಜಿನ್ ಶುರುವಾದದ್ದೇ ಬೆಂಚು ನಡುಗತೊಡಗಿತು.

"ಬಾವ, ಎಂತದೋ ಅದುರ್ತದೆ," ಎಂದೆ.

"ಸೀಮೆಎಣ್ಣೆಲಿ ಅಂಗಡಿಯವ ನೀರು ಸೇರಿಸಿ ಕೊಟ್ಟಿದಾನೆ ಮಾರಾಯ. ಈ ಇಂಜಿನ್ ಒಂದು ಶನಿ. ನಿಲ್ಲು, ಇದಕ್ಕೆ ಎರಡು ಬಿಡ್ತೇನೆ," ಎನ್ನುತ್ತ ಬಾವ ಕೈಯಲ್ಲಿದ್ದ ಬಿಟ್ ಕೆಳಗಿಟ್ಟು ಇಂಜಿನ್ನಿನ ಕಡೆಗೆ ಹೋದರು. ಬೈಗುಳ ಬಾಯಲ್ಲಿತ್ತು. ಆಗ ಒಡೆಯಿತು.

ಅಕ್ಕ ಅಡಿಗೆಮನೆಯಿಂದ ಓಡಿ ಬಂದಳು. ಕೋವಿ ಹಾರಿತೆಂದುಕೊಂಡಿದ್ದಳಂತೆ. ಹಬ್ಬದ ಮರುದಿನವಲ್ಲವೇ. ಗೋಡೆಯ ಗುಳಿ ನೋಡಿದಳು, ಗಂಡನನ್ನು ನೋಡಿದಳು. ಇಂಜಿನ್ ನಿಲ್ಲಿಸಿ, ಅದರ ಬೆಲ್ಟ್ ಕಳಚಿ, ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದಳು.

ನಾನು ಚೂರುಗಳನ್ನು ಹೆಕ್ಕತೊಡಗಿದೆ. ಕೈಗೊಂದು ಕೆಲಸ ಬೇಕಿತ್ತು. ಹೆಕ್ಕುತ್ತ ಹೆಕ್ಕುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಕೆಲವು ಚೂರು ಬಿಳಿಚಿಕೊಂಡು ಹಗುರವಾಗಿದ್ದವು. ಕೆಲವು ಕಪ್ಪಗೆ, ಆಗತಾನೇ ಒರೆಸಿದ ಸ್ಲೇಟಿನ ಹಾಗೆ. ಕಪ್ಪು ಚೂರನ್ನು ಕೆನ್ನೆಗೆ ಇಟ್ಟು ನೋಡಿದೆ. ತಣ್ಣಗಿತ್ತು.

"ಬಾವ, ಈ ಚಕ್ರಕ್ಕೆ ನೀರು ಎಲ್ಲಿಂದ ಬಂತು?"

ಬಾವ ಮೊಳೆ ಡಬ್ಬಿಯಲ್ಲಿ ಏನನ್ನೋ ಹುಡುಕತೊಡಗಿದರು. ಉತ್ತರ ಅಡಿಗೆಮನೆಯಿಂದ ಬಂತು.

"ನೀರಲ್ದೆ ಎಂತ? ಹಬ್ಬಕ್ಕೆ ಕತ್ತಿ ಗುದ್ದಲಿ ಎಲ್ಲ ತೊಳೀವಾಗ ಅದನ್ನೂ ಕಳಚಿ ಕೊಪ್ಪರಿಗೆಲಿ ಇಟ್ಟವರು ಅವರೇ. ರಾತ್ರಿ ಇಡೀ ನೆನೀಲಿ, ಎಣ್ಣೆ ಕೊಳೆ ಬಿಡ್ತದೆ ಅಂತ ಹೇಳಿದ್ದೂ ಅವರೇ."

"ಮತ್ತೆ ಕೊಳೆ ಇಟ್ಕೊಂಡು ದೇವರ ಮುಂದೆ ಕೂರಿಸೋದಾ?" ಎಂದರು ಬಾವ.

(ಮನೆಯಲ್ಲಿ ನಾವು ಆಡುವುದು ಕೊಡಗಿನ ಕಡೆಯ ಅರೆಭಾಷೆ. ಎಲ್ಲರಿಗೂ ತಿಳಿಯಲೆಂದು ತಿದ್ದಿ ಬರೆಯುತ್ತಿದ್ದೇನೆ. ತಿದ್ದಿದಾಗ ಅಕ್ಕನ ಖಾರ ಅರ್ಧ ಕಡಿಮೆಯಾಗಿದೆ.)

ನಡೆದದ್ದು ಇಷ್ಟು. ಚಕ್ರವನ್ನು ಕೊಪ್ಪರಿಗೆಯಲ್ಲಿ ನಿಲ್ಲಿಸಿದ್ದರು. ಕೆಳಗಿನ ಅರ್ಧ ನೀರಲ್ಲಿ, ಮೇಲಿನ ಅರ್ಧ ಗಾಳಿಯಲ್ಲಿ. ಸಾಣೆ ಚಕ್ರ ನೋಡಲು ಕಲ್ಲಿನಂತಿದ್ದರೂ ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ಕೆಳಗಿನ ಅರ್ಧ ನೀರು ಕುಡಿದು ಭಾರವಾಯಿತು. ಹೊರಗಿನಿಂದ ಒರೆಸಿದರು, ಗಂಧ ಹಚ್ಚಿದರು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಕೋವಿಯ ಪಕ್ಕ ಕೂರಿಸಿದರು. ಕೊಡಗಿನ ಈ ಕಾಲದ ಥಂಡಿಯಲ್ಲಿ ಒಂದು ದಿನಕ್ಕೆ ನಮ್ಮ ಬನಿಯನ್ನೇ ಒಣಗುವುದಿಲ್ಲ, ಚಕ್ರದ ಹೊಟ್ಟೆ ಒಣಗುತ್ತದೆಯೇ? ಮರುದಿನ ಇಂಜಿನ್ನಿಗೆ ಕಟ್ಟಿದರು. ಒಂದು ಕಡೆ ಭಾರವಾದದ್ದನ್ನು ಆ ವೇಗದಲ್ಲಿ ತಿರುಗಿಸಿದರೆ ಅದು ಚಕ್ರವಲ್ಲ, ಕವಣೆ.

ಬಾವನನ್ನು ನೋಡಿ ನಾನು ನಗಲಾರೆ. ನಮ್ಮ ಮನೆಗಳಲ್ಲಿ ಕತ್ತಿ ಮಸೆಯುವ ಮಸೆಗಲ್ಲು ಇಲ್ಲವೇ? ಅದು ಯಾವಾಗಲೂ ನೀರು ಕುಡಿದೇ ಇರುತ್ತದೆ. ಅದಕ್ಕೆ ಆಗದ್ದು ಇದಕ್ಕೆ ಏನಾದೀತು ಎಂದುಕೊಂಡರು. ಒಂದು ಮಲಗಿರುವ ಕಲ್ಲು, ಇನ್ನೊಂದು ಓಡುವ ಕಲ್ಲು ಎಂಬುದು ಹಬ್ಬದ ಗಡಿಬಿಡಿಯಲ್ಲಿ ಯಾರಿಗೆ ನೆನಪಾಗುತ್ತದೆ? ಆಯುಧಕ್ಕೆ ಸ್ನಾನ ಮಾಡಿಸಿ ಹೂವಿಡುವ ಜನ ನಾವು. ಭಕ್ತಿಯಲ್ಲಿ ತಪ್ಪಿಲ್ಲ. ಆದರೆ ಚಕ್ರಕ್ಕೆ ಭಕ್ತಿ ತಿಳಿಯದು. ತೂಕ ತಿಳಿಯುತ್ತದೆ.

ಕಾರಣ ಸಿಕ್ಕಿತು, ಇನ್ನು ಎಲ್ಲರೂ ಹುಷಾರಾಗಿರುತ್ತಾರೆ ಎಂದುಕೊಂಡೆ. ನಾನು ಹೊರಡುವಾಗ ಬಾವ ಗೇಟಿನವರೆಗೆ ಬಂದರು.

"ವಿರಾಜಪೇಟೆಲಿ ಅದೇ ಸೈಜಿನ ಚಕ್ರ ಸಿಗ್ತದೆ. ಬರುವ ಭಾನುವಾರ ಒಂದು ತಗೊಂಡು ಬಾ. ಕಾಫಿ ಪಿಕಿಂಗಿಗೆ ಮೊದಲು ಶೆಡ್ಡಿಗೆ ಮಾಡು ಏರ್ಬೇಕು."

"ಮತ್ತೆ ಇಂಜಿನ್ನಿಗೇ ಕಟ್ತೀರಾ?"

"ಈ ಸಲ ನೆನೆ ಹಾಕುದಿಲ್ಲ ಮೇಷ್ಟ್ರೇ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಕೂತರೆ ಕಣ್ಣಮುಂದೆ ಆ ಗುಳಿ. ತರಗತಿಯಲ್ಲಿ ಬೋರ್ಡಿನ ಮೇಲೆ ಸೀಮೆಸುಣ್ಣ ಕಿರ್ರೆಂದರೆ ತಲೆ ತಾನಾಗಿ ಬಗ್ಗುತ್ತದೆ. ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಇಂಜಿನ್ ಸರಿಯಾಗಿದ್ದಿದ್ದರೆ? ಅವರಿಗೆ ಬೈಯುವ ಅಭ್ಯಾಸ ಇಲ್ಲದಿದ್ದರೆ? ನಾನು ಅದುರುತ್ತದೆ ಎನ್ನದೆ ಕಾಫಿ ಕುಡಿಯುತ್ತಿದ್ದರೆ?

ಒಂದು ಮಾತು ನಿಶ್ಚಯ ಮಾಡಿಕೊಂಡೆ. ಆ ಚಕ್ರವನ್ನು ನಾನು ತರುವುದಿಲ್ಲ. ಆದರೆ ಬರಿಗೈಯಲ್ಲಿ ಹೋದರೆ ಬಾವ ಬೇರೆಯವರ ಕೈಯಲ್ಲಿ ತರಿಸುತ್ತಾರೆ, ಮತ್ತೆ ಅದೇ ಗೋಡೆಯ ಮುಂದೆ ನಿಲ್ಲುತ್ತಾರೆ. ಬೇಡ ಎನ್ನುವುದು ಸುಲಭ. ಬೇಡ ಎಂದವನು ಬೇರೇನನ್ನಾದರೂ ಕೊಡಬೇಡವೇ? ಭಾನುವಾರದೊಳಗೆ, ಮನೆಯಲ್ಲಿ ಬಿಟ್ ಸಾಣೆ ಹಿಡಿಯಲು ಬೇರೆ ಟೂಲ್ ಹುಡುಕಲೇಬೇಕು.

ಅವರ ಡಬ್ಬಿಯಿಂದ ಒಂದು ಮೊಂಡು ಬಿಟ್ ಜೇಬಿಗೆ ಹಾಕಿಕೊಂಡು ಬಂದಿದ್ದೆ. ಮೊದಲು ಅರ ಹಿಡಿದು ಉಜ್ಜಿದೆ. ಬಿಟ್ಟಿನ ಉಕ್ಕು ಅರದಷ್ಟೇ ಗಟ್ಟಿ. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿದ ಹಾಗೆ ಅರ ಜಾರಿತು. ಬಿಟ್ ಮೊಂಡಾಗಿಯೇ ಉಳಿಯಿತು, ಅರವೂ ಮೊಂಡಾಯಿತು. ಆಮೇಲೆ ಎಣ್ಣೆ ಹಾಕಿ ಮಸೆಯುವ ಎಣ್ಣೆಕಲ್ಲು ತಂದೆ. ಅದು ಒಳ್ಳೆಯದು, ಸಾಧು. ಅಂಚು ಸ್ವಲ್ಪ ಮಾಸಿದ ಬಿಟ್ಟಿಗೆ ಅದು ಸಾಕು. ಆದರೆ ಬಾವನ ಬಿಟ್ಟಿನ ಮೂಲೆಯೇ ಹಾರಿಹೋಗಿತ್ತು. ಅಷ್ಟನ್ನು ಎಣ್ಣೆಕಲ್ಲಿನಲ್ಲಿ ಸವೆಸುವ ಹೊತ್ತಿಗೆ ಶೆಡ್ಡಿನ ತೊಲೆಗೆ ಗೆದ್ದಲು ಹಿಡಿದಿರುತ್ತದೆ. ಕಾಲಲ್ಲಿ ತುಳಿದು ತಿರುಗಿಸುವ ಮರಳುಗಲ್ಲಿನ ಚಕ್ರವೊಂದು ನಮ್ಮ ಬೀದಿಯ ಬಡಗಿಯ ಹತ್ತಿರ ಇದೆ. ಕತ್ತಿಗೆ, ಉಳಿಗೆ ಬಹಳ ಚೆನ್ನ. ಬಿಟ್ ಒತ್ತಿದರೆ ಕಲ್ಲಿನಲ್ಲೇ ಗೆರೆ ಬಿದ್ದಿತು. ಬಡಗಿ ನನ್ನನ್ನು ನೋಡಿದ ನೋಟದ ಮಾತು ಬೇಡ.

ಶಾಲೆಯ ಲೈಬ್ರರಿಯಲ್ಲಿ ಹಳೆಯದೊಂದು ವರ್ಕ್‌ಷಾಪ್ ಪುಸ್ತಕ ಸಿಕ್ಕಿತು. ಅದರಲ್ಲಿ ಕೈಯಿಂದ ತಿರುಗಿಸುವ ಸಾಣೆ ಚಕ್ರದ ಚಿತ್ರ. ಮೇಜಿನ ಅಂಚಿಗೆ ಕಚ್ಚಿಸುವ ಹಿಡಿತ, ಒಳಗೆ ಹಲ್ಲುಚಕ್ರ, ಪಕ್ಕದಲ್ಲಿ ಹಿಡಿಕೆ. ಕೈ ನಿಂತರೆ ಚಕ್ರವೂ ನಿಲ್ಲುತ್ತದೆ. ಬಿಟ್ ಸುಟ್ಟು ನೀಲಿಯಾಗಿ ಹದ ಕೆಡುವಷ್ಟು ವೇಗ ಅದಕ್ಕಿಲ್ಲ. ಒಡೆದು ಗೋಡೆ ತೋಡುವ ವೇಗವಂತೂ ಇಲ್ಲವೇ ಇಲ್ಲ. ನನಗೆ ಬೇಕಾದದ್ದು ಇದೇ.

ವಿರಾಜಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೇ ಒಂದು ಇತ್ತು. ಚಕ್ರ ಬಿಚ್ಚಿಸಿ, ತೂತಿನಲ್ಲಿ ಪೆನ್ಸಿಲ್ ತೂರಿಸಿ ನೇತಾಡಿಸಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ಬಾರಿಸಿದೆ. ಸಂತೆಯಲ್ಲಿ ಮಡಕೆ ಬಾರಿಸುವುದಿಲ್ಲವೇ, ಹಾಗೆ. ಠಣ್ ಎಂದರೆ ಗಟ್ಟಿ. ದಬ್ ಎಂದರೆ ಒಳಗೆ ಬಿರುಕು, ಇಲ್ಲವೇ ನೀರು.

ಅಂಗಡಿಯ ಯಜಮಾನ ಕಾಕ ಕೈಕಟ್ಟಿ ನೋಡುತ್ತಿದ್ದರು. "ಸಾರ್, ಅದು ಹಲಸಿನ ಹಣ್ಣಲ್ಲ."

"ಬಿರುಕು ಇದ್ರೆ ಗೊತ್ತಾಗ್ತದೆ ಕಾಕ."

"ಹಣ್ಣಾಗಿದ್ರೆ ಹೇಳಿ, ನನಗೂ ಒಂದು ಸೊಳೆ ಕೊಡಿ."

ಠಣ್ ಎಂದಿತು. ಕೊಂಡೆ.

ಮೊನ್ನೆ ಭಾನುವಾರ ಕಕ್ಕಬೆಯಲ್ಲಿ ಗಂಟು ಬಿಚ್ಚಿದೆ. ಬಾವ ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರು.

"ಎಂತ ಇದು, ಐಸ್‌ಕ್ರೀಮ್ ಮಾಡ್ಲಿಕ್ಕಾ?"

"ಬಿಟ್ ಸಾಣೆ ಹಿಡೀಲಿಕ್ಕೆ."

"ನಾನು ಹೇಳಿದ್ದು ಚಕ್ರ. ನೀನು ತಂದದ್ದು ಆಟದ ಸಾಮಾನು."

"ಅದನ್ನ ನಾನು ತರುದಿಲ್ಲ ಬಾವ. ಇವತ್ತೂ ಇಲ್ಲ, ಇನ್ನು ಮುಂದೂ ಇಲ್ಲ."

ಅವರೆದುರು ನಾನು ಹಾಗೆ ಮಾತಾಡಿದ್ದು ಮೊದಲ ಸಲ. ಬಾವ ನನ್ನನ್ನೊಮ್ಮೆ ನೋಡಿ, ಜಗಳದ ದಾರಿ ಬಿಟ್ಟು ಲೆಕ್ಕದ ದಾರಿ ಹಿಡಿದರು. "ಸರಿ. ಬಿಟ್ ಹಿಡೀಲಿಕ್ಕೆ ಎರಡು ಕೈ ಬೇಕು. ಒಂದು ತುದಿಗೆ, ಒಂದು ಬಾಲಕ್ಕೆ. ಹಿಡಿಕೆ ತಿರುಗಿಸ್ಲಿಕ್ಕೆ ಮೂರನೇ ಕೈ ಎಲ್ಲುಂಟು? ಪುಸ್ತಕಲಿ ಬರ್ದಿತ್ತಾ?"

ಬರೆದಿರಲಿಲ್ಲ. ಚಿತ್ರದಲ್ಲಿ ಬರೀ ಯಂತ್ರವಿತ್ತು, ಮನುಷ್ಯರಿರಲಿಲ್ಲ. ನನ್ನ ವಾರದ ಶ್ರಮವೆಲ್ಲ ಆ ಮೂರನೇ ಕೈಯ ಹತ್ತಿರ ಬಂದು ನಿಂತಿತು. ವಾರವಿಡೀ ಶಾಲೆ ಇರುವ ನಾನು ದಿನಾ ಬಂದು ತಿರುಗಿಸಲಾದೀತೇ?

"ನಾನು ತಿರುಗಿಸ್ತೇನೆ," ಎಂದಳು ಅಕ್ಕ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು.

"ನೀನಾ? ಬೇಡ ಬೇಡ. ಕಿಡಿ ಹಾರ್ತದೆ. ಕಣ್ಣಿಗೆ ಬಿದ್ರೆ?"

"ನಿಮ್ಮ ಕಣ್ಣಿಗೆ ಬಿದ್ರೆ ಅಡ್ಡಿ ಇಲ್ಲ, ನನ್ನ ಕಣ್ಣಿಗೆ ಬೀಳ್ಬಾರ್ದಾ?"

ಅಕ್ಕ ಮುಂದುವರಿಸಿದಳು: "ಇಂಜಿನ್ ಬೆಲ್ಟ್ ನನ್ನ ಪೆಟ್ಟಿಗೆಲಿ ಉಂಟು. ಪಲ್ಪಿಂಗ್ ದಿನ ಕೊಡ್ತೇನೆ, ಸಂಜೆ ವಾಪಸ್ ಬರ್ಬೇಕು. ಈಗ ನಾನು ತಿರುಗಿಸುದು, ಇಲ್ಲ ಕೈಯಲ್ಲೇ ಉಜ್ಕೊಂಡು ಕೂತ್ಕೊಳ್ಳಿ."

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿರದಿದ್ದರೆ ನಂಬುತ್ತಿರಲಿಲ್ಲ.

ಬಾವ ಒಳಗೆ ಹೋದರು. ಮಿಲಿಟರಿ ಟ್ರಂಕು ತೆರೆದ ಸದ್ದು ಕೇಳಿತು. ಧೂಳಿಗೆ ಹಾಕುವ ದಪ್ಪ ಗಾಜಿನ ಕನ್ನಡಕ ತಂದು ಅಕ್ಕನ ಕಣ್ಣಿಗೆ ಕಟ್ಟಿ, ಪಟ್ಟಿ ಬಿಗಿಯಾಯಿತೇ ಎಂದು ಕೇಳಿದರು. ಬಿಸ್ಕತ್ತಿನ ಡಬ್ಬಿ ಕತ್ತರಿಸಿ ಚಕ್ರದ ಮೇಲೆ ಮುಚ್ಚಳ ಮಾಡಿ ಕಟ್ಟಿದರು. ಚಕ್ರವನ್ನು ಬಾರಿಸಿ ಕಿವಿಗೊಟ್ಟು ಕೇಳಿದರು. (ನಾನು ಹೇಳಿಕೊಟ್ಟಿರಲಿಲ್ಲ.) ಅಕ್ಕನನ್ನು ದೂರ ನಿಲ್ಲಿಸಿ, ಮೊದಲು ತಾವೇ ಖಾಲಿ ತಿರುಗಿಸಿ ನೋಡಿದರು. ಅವಳ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳಿದರು. "ಚಕ್ರದ ಎದುರಿಗೆ ನಿಲ್ಬೇಡ, ಪಕ್ಕದಲ್ಲಿ ನಿಲ್ಲು," ಎಂದರು.

ಅಂದರೆ ಅವರಿಗೆ ಎಲ್ಲವೂ ಗೊತ್ತಿತ್ತು. ವರ್ಷಗಟ್ಟಲೆ ವರ್ಕ್‌ಷಾಪಿನಲ್ಲಿ ದುಡಿದವರಿಗೆ ಗೊತ್ತಿರದೆ ಇರುತ್ತದೆಯೇ? ಕನ್ನಡಕ ಟ್ರಂಕಿನಲ್ಲೇ ಇತ್ತು. ತಮ್ಮ ಮುಖಕ್ಕಾಗಿ ಅದನ್ನು ತೆಗೆಯಬೇಕೆಂದು ಅವರಿಗೆ ಒಂದು ದಿನವೂ ಅನಿಸಿರಲಿಲ್ಲ, ಅಷ್ಟೇ.

ಆರು ಮೂಲೆಯ ಎರಡು ನಟ್ಟುಗಳನ್ನು ಅಕ್ಕಪಕ್ಕ ಒತ್ತಿಟ್ಟರೆ ನಡುವೆ ಒಂದು ಕಣಿವೆ ಬರುತ್ತದೆ. ಬಿಟ್ಟಿನ ತುದಿ ಅದರಲ್ಲಿ ಸರಿಯಾಗಿ ಕೂತರೆ ಕೋನ ಸರಿ. ಹಾಗೆ ಅಳೆಯುತ್ತ, ನೀರಲ್ಲಿ ಅದ್ದುತ್ತ (ಬಿಟ್ಟನ್ನು, ಚಕ್ರವನ್ನಲ್ಲ) ಬಾವ ಕೆಲಸ ಮಾಡಿದರು. "ಮೆಲ್ಲಗೆ," ಎನ್ನುತ್ತಿದ್ದರು. "ಮೆಲ್ಲಗೇ ಉಂಟು. ನೀವು ಬಿಟ್ ನೋಡಿ, ನನ್ನನ್ನಲ್ಲ," ಎನ್ನುತ್ತಿದ್ದಳು ಅಕ್ಕ. ಮಧ್ಯಾಹ್ನದ ಹೊತ್ತಿಗೆ ಕೈ ಡ್ರಿಲ್ಲಿಗೆ ಹಾಕಿ ಪಟ್ಟಿಯ ಮೇಲೆ ಇಟ್ಟರು. ಕಿರುಚಲಿಲ್ಲ. ಎರಡೂ ಬದಿಯಿಂದ ಕಬ್ಬಿಣ ಸುರುಳಿ ಸುರುಳಿಯಾಗಿ ಎದ್ದು ಬಂತು.

ಡಬ್ಬಿಯಲ್ಲಿ ಇನ್ನೂ ಮೊಂಡು ಬಿಟ್‌ಗಳಿವೆ. ಅಕ್ಕನಿಗೆ ಬಿಡುವಾದಾಗಲೆಲ್ಲ ಒಂದೊಂದು ಆಗುತ್ತದೆ. ಅವಳು ಬರುವವರೆಗೆ ಬಾವ ಆ ಚಕ್ರ ಮುಟ್ಟುವುದಿಲ್ಲ. ಮುಟ್ಟಲು ಆಗುವುದೂ ಇಲ್ಲ. ಟೂಲ್ ಆರಿಸುವಾಗ ನಾನು ವೇಗ ನೋಡಿದೆ, ಹಿಡಿತ ನೋಡಿದೆ, ಸದ್ದು ಕೇಳಿದೆ. ಅದಕ್ಕೆ ಇಬ್ಬರು ಬೇಕೆಂದು ಬಾವ ತೋರಿಸಿದಾಗ ಅದನ್ನು ಕೊರತೆ ಎಂದೇ ಎಣಿಸಿದ್ದೆ. ಆ ಕೊರತೆಯೇ ಕನ್ನಡಕವನ್ನು ಟ್ರಂಕಿನಿಂದ ಹೊರಗೆ ತಂದಿತು.

ನಮ್ಮ ಕಣ್ಣಿಗೂ ಒಂದು ಬೆಲೆ ಬರಬೇಕಾದರೆ, ಪಕ್ಕದಲ್ಲಿ ಇನ್ನೊಬ್ಬರ ಕಣ್ಣು ಇರಲೇಬೇಕೇ?